ಹೊಳೆಗಿಳಿಯುವ ಭಾನುವಾರಗಳು

ವಾರದ ಆರು ದಿನ ನನಗೆ ಹೆದರಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿ, ಅಡುಗೆಮನೆಯ ಒಲೆಯಲ್ಲಿ ಕುಚ್ಚಲಕ್ಕಿಗೆ ಎಸರಿಟ್ಟು, ಮೀನಿನ ಪದಾರ್ಥಕ್ಕೆ ಕಾಯಿ ಕಡೆದು, ಮಗಳ ಜಡೆ ಹಾಕಿ, ಉಪ್ಪುಂದದ ಬಸ್ಸಿಗೆ ಓಡಬೇಕು. ಅಲ್ಲಿ ಬಸ್ ನಿಲ್ಲುವ ಜಾಗದ ಎದುರಿನ ಒಂದು ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ. ಸಂಜೆ ವಾಪಸು ಬಂದರೆ ಪಾತ್ರೆ, ಬಟ್ಟೆ, ಮಗಳ ಮಗ್ಗಿ, ಮತ್ತೆ ಅನ್ನ. ಇಷ್ಟೆಲ್ಲದರ ನಡುವೆ ಹೆದರಿಕೆ ಬಾಗಿಲಿಗೆ ಬಂದರೂ ಅದಕ್ಕೆ ಮಣೆ ಹಾಕುವವರು ಯಾರು? ಅದು ಭಾನುವಾರದವರೆಗೆ ಕಾಯುತ್ತಿತ್ತು. ಭಾನುವಾರ ನನ್ನ ಅತ್ತೆ ಹೊಳೆಗೆ ಇಳಿಯುತ್ತಿದ್ದರು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಎಷ್ಟು ಚಂದ ಎನ್ನುತ್ತಾರೆ. ಅವರು ಹಾಗೆಯೇ ಮುಂದೆ ಹೋಗುತ್ತಾರೆ, ಅದಕ್ಕೇ ಅದು ಚಂದ. ನಾನು ಅಲ್ಲಿ ಸಂಸಾರ ಮಾಡಲು ಬಂದವಳು. ಸಿದ್ದಾಪುರದ ಗುಡ್ಡದ ಬದಿಯ ಮನೆಯಲ್ಲಿ ಹುಟ್ಟಿದ ನನಗೆ ನೀರು ಅಂದರೆ ಮೊಣಕಾಲಿನವರೆಗಿನ ತೋಡು. ಅದೂ ಬೇಸಿಗೆಯಲ್ಲಿ ಒಣಗಿ ಕಲ್ಲುಗಳನ್ನು ತೋರಿಸುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ಮೊದಲ ದಿನವೇ ಎದುರಿನ ಬಾಗಿಲಲ್ಲಿ ನಿಂತು ಸಮುದ್ರ ನೋಡಿದೆ, ಹಿಂದಿನ ಬಾಗಿಲಿಗೆ ಹೋಗಿ ಹೊಳೆ ನೋಡಿದೆ. ಓಡಿಹೋಗುವುದಾದರೆ ಯಾವ ಕಡೆಗೆ ಎಂದು ಯೋಚಿಸಿದೆ. ಯಾರಿಗೂ ಹೇಳಲಿಲ್ಲ. ಹೊಸ ಮದುಮಗಳು ಇದನ್ನೆಲ್ಲ ಹೇಳಿದರೆ ಊರಿಡೀ ನಗುವುದಿಲ್ಲವೇ?

ನನ್ನ ಗಂಡ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕೆ. ಹೋದರೆ ಎಷ್ಟೋ ದಿನ ಸಮುದ್ರದಲ್ಲೇ. ಮನೆಯಲ್ಲಿ ನಾನು, ಮಗಳು, ಅತ್ತೆ. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ಅತ್ತೆ ಕುಳ್ಳಗೆ, ಗಟ್ಟಿಮುಟ್ಟು, ಕೈ ತುಂಬ ಕೆಲಸ. ಮಾತು ಕಮ್ಮಿ. ಹಾವು ಬಂದರೆ ಪೊರಕೆಯಲ್ಲಿ ಓಡಿಸುವವರು, ಮಳೆಗಾಲದಲ್ಲಿ ಸಮುದ್ರ ತೆಂಗಿನ ಬುಡಕ್ಕೇ ಬಂದರೂ ಮಗ್ಗುಲು ಬದಲಿಸಿ ಮಲಗುವವರು. ಅವರನ್ನು ನೋಡಿ ನಾನು ಧೈರ್ಯ ತಂದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನದು ಎಂಬ ಧೈರ್ಯವೇ ಇರಲಿಲ್ಲ, ಇದ್ದದ್ದೆಲ್ಲ ಅವರದ್ದೇ.

ಅವರ ಬಿಡುವಿನ ಕೆಲಸವೆಂದರೆ ಮೀನಿನ ಹಾಗೆ ಪದಾರ್ಥ ಮಾಡುವ ಚಿಪ್ಪಿ ಹೆಕ್ಕುವುದು. ಹೊಳೆಯ ನೀರು ಇಳಿಯುವ ಹೊತ್ತಿಗೆ ನೆರೆಕರೆಯ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ನೀರಿಗಿಳಿಯುತ್ತಾರೆ. ಸೊಂಟದವರೆಗೆ, ಕೆಲವು ಕಡೆ ಎದೆಯವರೆಗೆ ನೀರು. ಸೊಂಟಕ್ಕೆ ಹಳೆಯ ಬಲೆಯ ಹಗ್ಗ, ಹಗ್ಗದ ಇನ್ನೊಂದು ತುದಿಗೆ ಅಲ್ಯುಮಿನಿಯಂ ಬೋಗುಣಿ. ಅದು ತೇಲುತ್ತಾ ಹಿಂದೆ ಹಿಂದೆ ಬರುತ್ತದೆ. ಕಾಲಿನ ಬೆರಳಿನಿಂದ ಕೆಸರು ತಡಕಬೇಕು. ಚಿಪ್ಪಿ ತಾಗಿದರೆ ಮೂಗು ಹಿಡಿದು ಮುಳುಗಿ, ಬಾಚಿ ತೆಗೆದು, ಬೋಗುಣಿಗೆ ಹಾಕಬೇಕು. ಹಾಗೆಯೇ ಮಾತಾಡುತ್ತಾರೆ, ನಗುತ್ತಾರೆ, ಇಲ್ಲದವರ ಸುದ್ದಿ ಹೇಳುತ್ತಾರೆ. ಬೇರೆ ಊರಿನ ಹೆಂಗಸರು ಜಗಲಿಯಲ್ಲಿ ಕೂತು ಮಾಡುವ ಕೆಲಸವನ್ನು ಇವರು ಎದೆಮಟ್ಟದ ನೀರಿನಲ್ಲಿ ನಿಂತು ಮಾಡುತ್ತಿದ್ದರು, ಅಷ್ಟೇ.

ಮೊದಮೊದಲು ನಾನು ಹೊಳೆಯ ಕಡೆಗೆ ಹೋಗುತ್ತಲೇ ಇರಲಿಲ್ಲ. ಭಾನುವಾರ ನನಗೆ ಮನೆ ಸಾರಿಸುವುದು, ಹಾಸಿಗೆ ಒಣಗಿಸುವುದು ಎಂದು ಏನಾದರೂ ಇದ್ದೇ ಇರುತ್ತಿತ್ತು. ಹೋಗುವಂತಾದದ್ದು ಆ ಮೇ ತಿಂಗಳಿನಿಂದ.

ಮೇ ಎಂದರೆ ಹೊಲಿಗೆಯವರಿಗೆ ಎರಡು ಕಡೆಯ ಏಟು. ಮದುವೆಯ ರವಿಕೆಗಳು ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ಶಾಲೆಯ ಯೂನಿಫಾರ್ಮ್ ಬಟ್ಟೆ ರಾಶಿ ಬಂದು ಬೀಳುತ್ತದೆ. ಎಲ್ಲರದ್ದೂ ಅರ್ಜೆಂಟು. ಬಸ್ಸಿನಿಂದ ಇಳಿಯುವಾಗಲೇ ಅಂಗಡಿಯ ಮುಂದೆ ಮೂರ್ನಾಲ್ಕು ಜನ ನಿಂತಿರುವುದು ಕಂಡು ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಒಬ್ಬ ಮದುಮಗಳ ರೇಷ್ಮೆ ರವಿಕೆಯ ಬಟ್ಟೆಯನ್ನು ಹರಡಿ, ಚಾಕ್‌ಪೀಸಿನಲ್ಲಿ ಗೀಟು ಹಾಕಿ, ಕತ್ತರಿ ಹಿಡಿದೆ. ಕೈ ಮುಂದಕ್ಕೆ ಹೋಗಲಿಲ್ಲ. ಗೀಟು ಸರಿಯಾಗಿತ್ತು, ಅಳತೆ ಸರಿಯಾಗಿತ್ತು. ಆದರೂ ಕತ್ತರಿಸಿದ ಮೇಲೆ ಮತ್ತೆ ಕೂಡಿಸಲು ಬರುವುದಿಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತಿತು. ಅಂಗೈ ಬೆವರಿ, ಉಸಿರು ಮೇಲೆ ಕೆಳಗಾಯಿತು. ಇಷ್ಟು ವರ್ಷ ಮಾಡಿದ ಕೆಲಸವೇ ನನ್ನ ಮೇಲೆ ಎದ್ದು ಬಂದಂತಾಯಿತು. ಬಾಗಿಲು ಹಾಕಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದುಬಿಟ್ಟೆ.

ಅತ್ತೆ ಹಿತ್ತಿಲಲ್ಲಿ ಮೀನು ಕೊಯ್ಯುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನನ್ನನ್ನು ನೋಡಿ ಕತ್ತಿ ಬದಿಗಿಟ್ಟರು. ನಾನು ಅಳುತ್ತಾ ಎಲ್ಲ ಹೇಳಿದೆ. ತಲೆ ಕೆಟ್ಟಿದೆಯೋ ಏನೋ ಎಂದು ಹೆದರಿಕೆಯಾಗುತ್ತಿದೆ ಎಂದೂ ಹೇಳಿದೆ. ಅವರು ಮೀನಿನ ಕೈಯನ್ನು ತೊಳೆದುಕೊಂಡು, ತಮ್ಮ ಸೆರಗಿನಲ್ಲಿ ಒರೆಸಿಕೊಂಡರು.

"ಆಯ್ತಾರ ನನ್ ಒಟ್ಟಿಗೆ ಹೊಳಿಗ್ ಬಾ. ಒಂಚೂರ್ ತಲಿ ತಣ್ಣಗಾತ್ತ್," ಎಂದರು.

ಅದು ಅವರ ಔಷಧಿ. ತಮಗೆ ಯಾವುದು ಸುಖವೋ ಅದನ್ನೇ ನನಗೂ ಕೊಡಲು ಹೊರಟಿದ್ದರು. ಆ ಭಾನುವಾರದಿಂದ ನಾನೂ ಹೊಳೆಗೆ ಹೋಗತೊಡಗಿದೆ. ಹೋಗುವುದೆಂದರೆ ದಡದವರೆಗೆ ಮಾತ್ರ. ಒಂದು ತೆಂಗಿನ ಮರದ ನೆರಳಲ್ಲಿ ಕೂತು, ತಂದಿದ್ದ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದೆ. ಕೆಲಸ ಬಿಟ್ಟು ಬಾ ಎಂದರೆ ಕೆಲಸವನ್ನು ಚೀಲದಲ್ಲಿ ಹಾಕಿಕೊಂಡು ಹೋದವಳು ನಾನು! ಹೆಂಗಸರೆಲ್ಲ ಕೀಟಲೆ ಮಾಡಿದರು, ಹೊಳೆಗೂ ಒಂದು ರವಿಕೆ ಹೊಲಿದುಕೊಡು ಎಂದರು.

ತಲೆ ತಣ್ಣಗಾಗುವ ಮಾತು ದೂರವೇ ಉಳಿಯಿತು. ಅತ್ತೆ ಚಿಪ್ಪಿ ತೆಗೆಯಲು ಮುಳುಗಿದಾಗಲೆಲ್ಲ ನೀರಿನ ಮೇಲೆ ಬೋಗುಣಿ ಒಂದೇ ಉಳಿಯುತ್ತಿತ್ತು. ಸೂಜಿ ಎತ್ತಿ ಹಿಡಿದು ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ತಲೆ ಮೇಲೆ ಬಂದ ಮೇಲೆಯೇ ಸೂಜಿ ಬಟ್ಟೆಗೆ ಇಳಿಯುತ್ತಿದ್ದದ್ದು. ಒಂದೊಂದು ಭಾನುವಾರ ಒಂದು ರವಿಕೆಯೂ ಮುಗಿಯುತ್ತಿರಲಿಲ್ಲ. ಆದರೂ ಒಂದು ಸಮಾಧಾನವಿತ್ತು. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವರು, ಏನಾದರೂ ಆದರೆ ಈಜಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ.

ಆ ಸಮಾಧಾನವೂ ಒಂದು ದಿನ ಹೋಯಿತು. ಮಗಳು ಶಾಲೆಯಲ್ಲಿ ಯಾರೋ ಈಜು ಕಲಿಯುತ್ತಿದ್ದಾರೆ ಎಂದು ಊಟದ ಹೊತ್ತಿಗೆ ಹೇಳುತ್ತಿದ್ದಳು. ನಾನು, ಅಜ್ಜಿಯ ಹತ್ತಿರ ಕೇಳು, ಅವರೇ ಕಲಿಸುತ್ತಾರೆ ಎಂದೆ. ಅತ್ತೆ ಅನ್ನದ ತುತ್ತು ಬಾಯಿಗಿಡುತ್ತಾ ನಕ್ಕುಬಿಟ್ಟರು.

"ಈಜುದಾ? ನಂಗ್ ಎಂತಕೆ ಈಜುಕೆ ಬರ್ಕ್? ಕಾಲಡಿಗೆ ನೆಲ ಇತ್ತಲೆ."

ನಾನು ಕಲೆಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ಚಿಪ್ಪಿ ಹೆಕ್ಕುವ ಆ ಹೆಂಗಸರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಗಂಡಸರು ಸಮುದ್ರಕ್ಕೆ ಹೋಗುವವರು, ಅವರು ಕಲಿಯುತ್ತಾರೆ. ಹೆಂಗಸರು ಹೊಳೆಗಿಳಿಯುವವರು, ಅವರಿಗೆ ಕಾಲು ಸಾಕು. ಎಲ್ಲಿ ಕೆಸರು, ಎಲ್ಲಿ ಕಲ್ಲು, ಎಲ್ಲಿಂದ ಮುಂದೆ ಹೋಗಬಾರದು ಎಂಬುದೆಲ್ಲ ಅವರ ಅಂಗಾಲಿಗೆ ಗೊತ್ತು. ತಾಯಿಯ ಕೈ ಹಿಡಿದು ನೀರಿಗಿಳಿದ ದಿನದಿಂದ ಕಾಲು ಕಲಿತದ್ದು. ನೆಲ ತಪ್ಪಬಹುದು ಎಂಬ ಯೋಚನೆ ಅವರಲ್ಲಿ ಯಾರಿಗೂ ಬಂದಿರಲಿಲ್ಲ. ನಮ್ಮ ಅಡುಗೆಮನೆಯ ನೆಲ ನಾಳೆ ಇರುತ್ತದೋ ಇಲ್ಲವೋ ಎಂದು ನಾವು ಯೋಚಿಸುತ್ತೇವೆಯೇ?

ಆದರೆ ನಾನು ದಡದಲ್ಲಿ ಕೂತವಳು, ನನಗೆ ಹೊಳೆಯ ಮರಳು ತೆಗೆಯುವ ಹೊಯ್ಗೆ ದೋಣಿಗಳು ಕಾಣುತ್ತಿದ್ದವು. ಮೊದಲು ಒಂದೋ ಎರಡೋ ದೋಣಿ ಬಂದು ಬುಟ್ಟಿಯಲ್ಲಿ ಹೊಯ್ಗೆ ತುಂಬಿಕೊಂಡು ಹೋಗುತ್ತಿದ್ದವು. ಆಮೇಲೆ ಎಲ್ಲ ಕಡೆ ಮನೆ, ಬಿಲ್ಡಿಂಗು, ಸೇತುವೆ ಎಂದು ಶುರುವಾಯಿತು. ದೋಣಿಗಳು ಸಾಲುಸಾಲಾಗಿ ನಿಲ್ಲತೊಡಗಿದವು. ಹೆಂಗಸರು ನಿಲ್ಲುವ ಕಡೆಗೂ ಅವು ಸ್ವಲ್ಪ ಸ್ವಲ್ಪವಾಗಿ ಹತ್ತಿರ ಬಂದವು. ಹೊಯ್ಗೆ ತೆಗೆದ ಕಡೆ ಗುಂಡಿಯಾಗುತ್ತದೆ, ಅದು ಮೇಲಿನಿಂದ ಕಾಣುವುದಿಲ್ಲ, ನೀರು ಎಲ್ಲ ಕಡೆಯೂ ಒಂದೇ ಸಮ ಇರುತ್ತದೆ ಎಂದು ನಾನು ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡರು, ಅಷ್ಟೇ. ಗುಡ್ಡದ ಮೇಲಿನಿಂದ ಬಂದವಳು ಹೊಳೆಯ ಬಗ್ಗೆ ತಮಗೆ ಹೇಳುವುದು ಅವರಿಗೆ ತಮಾಷೆಯಾಗಿ ಕಂಡಿರಬೇಕು. ಗಂಡ ಬೋಟಿನಿಂದ ಬಂದಾಗ ಅವರಿಗೂ ಹೇಳಿದೆ. ಅಮ್ಮನಿಗೆ ಹೊಳೆ ಗೊತ್ತು, ನೀನು ಸುಮ್ಮನೆ ತಲೆ ಬಿಸಿ ಮಾಡಿಕೊಳ್ಳಬೇಡ ಎಂದರು. ಮನೆಯಲ್ಲಿ ತಲೆ ಬಿಸಿ ಮಾಡಿಕೊಳ್ಳುವ ಕೆಲಸವನ್ನು ನನಗೊಬ್ಬಳಿಗೇ ಬಿಟ್ಟಿದ್ದರು.

ಕೆಲವು ಭಾನುವಾರ ಅವರನ್ನು ತಡೆಯಲು ಬೇರೆ ಕೆಲಸ ಹುಡುಕಿದೆ. ಅಕ್ಕಿ ಕೇರಿಕೊಡಿ ಎಂದೆ, ಹಪ್ಪಳಕ್ಕೆ ಹಿಟ್ಟು ನಾದಿಕೊಡಿ ಎಂದೆ. ಅವರು ಹೊಳೆಯ ನೀರು ಇಳಿಯುವಷ್ಟರಲ್ಲಿ ಅಷ್ಟನ್ನೂ ಮುಗಿಸಿ, ಹಗ್ಗ ಸುತ್ತಿಕೊಂಡು ಹೊರಡುತ್ತಿದ್ದರು. ನಾನು ಚೀಲ ಹಿಡಿದು ಹಿಂದಿನಿಂದ ಓಡುತ್ತಿದ್ದೆ. ಹೋಗದಿದ್ದರೆ ಇನ್ನೂ ಕಷ್ಟ, ಮನೆಯಲ್ಲಿ ಕೂತು ಕಣ್ಣಿಗೆ ಕಾಣದ ಬೋಗುಣಿಯನ್ನು ನೋಡುತ್ತಾ ಇರಬೇಕು.

ಆ ಭಾನುವಾರ ಬಿಸಿಲು ಚೆನ್ನಾಗಿತ್ತು. ಹೊಯ್ಗೆ ದೋಣಿಗಳಿಗೂ ರಜೆಯೇನೋ, ಒಂದೂ ಇರಲಿಲ್ಲ. ಹೆಂಗಸರು ಖುಷಿಯಲ್ಲಿದ್ದರು, ಜಾಗ ವಿಶಾಲವಾಯಿತು ಎಂದು ಸ್ವಲ್ಪ ಆಚೆಗೆ ಹೋದರು. ಅತ್ತೆ ಎಲ್ಲರಿಗಿಂತ ಮುಂದೆ. ಎದೆಮಟ್ಟದ ನೀರಿನಲ್ಲಿ ನಿಂತು ನಮ್ಮ ಪಕ್ಕದ ಮನೆಯವಳ ಜೊತೆ ಏನೋ ಹೇಳಿ ನಕ್ಕರು. ಆಮೇಲೆ ಮುಳುಗಿದರು. ನಾನು ಸೂಜಿ ಎತ್ತಿ ಹಿಡಿದೆ.

ಬೋಗುಣಿ ಸುಮ್ಮನೆ ತೇಲಬೇಕಿತ್ತು. ಅದು ಒಂದು ಪಕ್ಕಕ್ಕೆ ವಾಲಿತು. ನೋಡುತ್ತಿದ್ದಂತೆ ಅದರ ಅಂಚು ನೀರಿಗೆ ತಾಗಿತು, ಚಿಪ್ಪಿಗಳೆಲ್ಲ ಜರ್ರನೆ ಜಾರಿ ಬಿದ್ದವು. ಹಗುರಾದ ಬೋಗುಣಿ ಕವುಚಿಕೊಂಡು ಮೇಲೆ ಕೆಳಗೆ ಕುಣಿಯತೊಡಗಿತು. ಕೆಳಗಿನಿಂದ ಯಾರೋ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿದ್ದಂತೆ. ತಲೆ ಮೇಲೆ ಬರಲಿಲ್ಲ.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಮಡಿಲಲ್ಲಿದ್ದ ಬಟ್ಟೆ ಎಲ್ಲಿ ಬಿತ್ತು ಎಂಬುದೂ ಗೊತ್ತಿಲ್ಲ. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂದದ್ದು ಮಾತ್ರ ಈಗಲೂ ಮೈಗೆ ನೆನಪಿದೆ. ಕೆಸರು ಹೆಜ್ಜೆಯನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಪಕ್ಕದ ಮನೆಯವಳು ನನ್ನ ಸೆರಗನ್ನು ಗಬಕ್ಕನೆ ಹಿಡಿದುಕೊಂಡಳು.

"ಮುಂದ್ ಹೋಯ್ಬೇಡಿ, ಅಲ್ಲ್ ನೆಲ ಇಲ್ಲೆ," ಎಂದಳು.

ಅವಳ ಕೈಯನ್ನು ಹಿಂದಿನವಳು ಹಿಡಿದಳು, ಆ ಕೈಯನ್ನು ಇನ್ನೊಬ್ಬಳು. ಈಜು ಬಾರದ ಹೆಂಗಸರು ನೆಲ ಇರುವಲ್ಲಿಯವರೆಗೆ ಸಾಲಾಗಿ ನಿಂತರು. ಸಾಲಿನ ತುದಿಯಲ್ಲಿ ನಾನು, ಹೊಳೆಗೆ ಎಂದೂ ಇಳಿಯದವಳು. ಕೈ ಚಾಚಿದರೆ ಬೋಗುಣಿ ಬೆರಳಿಗೆ ತಾಗಿ ಜಾರಿತು. ಮತ್ತೆ ಚಾಚಿದೆ. ಕಾಲಿನ ಕೆಳಗೆ ಹೊಯ್ಗೆ ಸರಿಯುತ್ತಿತ್ತು, ನೀರು ಬಾಯಿಗೆ ಬಂತು. ನಾನೂ ಹೋಗುತ್ತೇನೆ, ಮಗಳು ಮನೆಯಲ್ಲಿ ಒಬ್ಬಳೇ ಇದ್ದಾಳೆ ಎಂದು ಹೊಳೆಯಿತು. ಆಗ ಬೋಗುಣಿಯ ಕಿವಿ ಕೈಗೆ ಸಿಕ್ಕಿತು. ಹಗ್ಗ ಹಿಡಿದು ಎಳೆದೆ. ಅದು ಕಲ್ಲಿಗೆ ಕಟ್ಟಿದ ಹಾಗೆ ಭಾರ. ಹಿಂದಿನವರು ನನ್ನನ್ನು ಎಳೆದರು, ನಾನು ಹಗ್ಗವನ್ನು ಎಳೆದೆ. ಮೊದಲು ಸೀರೆ ಬಂತು, ಆಮೇಲೆ ಅತ್ತೆಯ ಬಿಚ್ಚಿದ ಕೂದಲು ಬಂತು.

ದಡದಲ್ಲಿ ಕವುಚಿ ಮಲಗಿಸಿ ಬೆನ್ನು ಗುದ್ದಿದೆವು. ಕೆಮ್ಮಿದರು, ನೀರು ಕಾರಿದರು, ಬಾಯಿಯ ತುಂಬ ಹೊಯ್ಗೆ. ಕಣ್ಣು ಬಿಟ್ಟು ಸುತ್ತ ನೋಡಿದವರೇ, "ಚಿಪ್ಪಿ ಎಲ್ಲಾ ಹೋಯ್ತಾ?" ಎಂದು ಕೇಳಿದರು. ಹೆಂಗಸರೆಲ್ಲ ಅಳುತ್ತಿದ್ದವರು ಗೊಳ್ಳೆಂದು ನಕ್ಕರು. ಇನ್ನೇನೂ ಭಯವಿಲ್ಲ, ಮುದುಕಿ ಗಟ್ಟಿ ಇದ್ದಾಳೆ ಎಂದು ಒಬ್ಬಳು ಹೇಳಿದಳು. ನಾನೂ ನಂಬಿದೆ.

ಮುಂದಿನ ಭಾನುವಾರ ಅವರು ಸೊಂಟ ನೋವು ಎಂದರು. ಅದರ ಮುಂದಿನ ಭಾನುವಾರ ಹಿತ್ತಿಲು ಗುಡಿಸುವುದಿದೆ ಎಂದರು. ನನಗೆ ಒಳಗೊಳಗೇ ಹಬ್ಬ. ಅತ್ತೆ ಹೊಳೆಗಿಳಿಯುವುದು ನಿಲ್ಲಲಿ ಎಂದು ಇಷ್ಟು ವರ್ಷ ದೇವರಿಗೆ ಕೈ ಮುಗಿದು ಕೇಳಿದ್ದು ಸಿಕ್ಕಿತಲ್ಲ! ಆ ಭಾನುವಾರ ಮಧ್ಯಾಹ್ನ ಚಾಪೆ ಹಾಸಿ ನಿದ್ದೆ ಮಾಡಿದೆ. ಮದುವೆಯಾಗಿ ಬಂದ ಮೇಲೆ ಹಾಗೆ ಮಲಗಿದ್ದು ಅದೇ ಮೊದಲಿರಬೇಕು.

ಆಮೇಲೆ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವರನ್ನು ಕಂಡೆ. ಕೊಡಪಾನವನ್ನು ಬಾವಿಗೆ ಇಳಿಸಿ, ಮುಖವನ್ನು ಪೂರ್ತಿ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಹಗ್ಗ ಎಳೆಯುತ್ತಿದ್ದರು. ಕೊಡಪಾನ ಕಟ್ಟೆಗೆ ಬಡಿದು ಅರ್ಧ ನೀರು ಚೆಲ್ಲಿತು. ನಾನು ನೋಡಿದ್ದು ಗೊತ್ತಾಗಿ, ಬಿಸಿಲು ಕಣ್ಣಿಗೆ ಹೊಡೆಯಿತು ಎಂದರು. ಬಿಸಿಲು ಇನ್ನೂ ಬಂದಿರಲಿಲ್ಲ.

ನೋಡತೊಡಗಿದ ಮೇಲೆ ಎಲ್ಲ ಕಾಣಿಸಿತು. ಹಿಂದಿನ ಬಾಗಿಲಿಗೆ ಅವರು ಹಗಲಲ್ಲೂ ಚಿಲಕ ಹಾಕುತ್ತಿದ್ದರು. ಅಂಗಳದಲ್ಲಿ ಮಳೆನೀರು ನಿಂತರೆ ಅದನ್ನು ದಾಟದೆ ಸುತ್ತಿ ಬರುತ್ತಿದ್ದರು, ಹೆಜ್ಜೆ ಇಡುವ ಮೊದಲು ಕಾಲಿನ ಬೆರಳಿನಿಂದ ನೆಲ ಮುಟ್ಟಿ ನೋಡುತ್ತಿದ್ದರು. ಅಡುಗೆಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ಸಮುದ್ರದ ಸದ್ದು ಜೋರಾದರೆ ಮಗಳನ್ನು ಹತ್ತಿರ ಕೂರಿಸಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು. ಅದೇ ಸದ್ದಿನಲ್ಲಿ ಗೊರಕೆ ಹೊಡೆದವರು ಇವರೇನಾ? ನಾನು ಏನನ್ನು ಬೇಡಿಕೊಂಡಿದ್ದೆನೋ ಅದು ಪೂರ್ತಿಯಾಗಿ, ಬೇಡಿದ್ದಕ್ಕಿಂತ ಹೆಚ್ಚಾಗಿ ಬಂದಿತ್ತು. ನನಗೆ ಭಯಂಕರ ಹೆದರಿಕೆಯಾಯಿತು. ಹೊಳೆಯ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಇಷ್ಟು ವರ್ಷ ನಾನು ನಿಶ್ಚಿಂತೆಯಿಂದ ಹೆದರುತ್ತಿದ್ದೆ, ಯಾಕೆಂದರೆ ಹೆದರದವರು ಒಬ್ಬರು ಮನೆಯಲ್ಲಿದ್ದರು. ಈಗ ಆ ಜಾಗ ಖಾಲಿ. ಗಂಡ ಸಮುದ್ರದಲ್ಲಿ. ಮಗಳು ಚಿಕ್ಕವಳು. ಉಳಿದವಳು ನಾನೊಬ್ಬಳೇ.

ಉಪ್ಪುಂದದ ಅಂಗಡಿ ಬಿಟ್ಟುಬಿಟ್ಟೆ. ಮೆಷಿನನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದು ಜಗಲಿಯಲ್ಲಿ ಇಟ್ಟೆ. ಗಿರಾಕಿಗಳು ಅರ್ಧಕ್ಕರ್ಧ ಬೇರೆಯವರ ಕಡೆ ಹೋದರು, ಉಳಿದವರು ಮನೆಗೇ ಬಂದರು. ಈಗ ಕೆಲಸವೂ ಮನೆಯಲ್ಲೇ, ಒಲೆಯೂ ಅಲ್ಲೇ, ಹೆದರಿಕೆಯೂ ಅಲ್ಲೇ. ಒಂದು ಕಾಲು ಮೆಷಿನಿನ ಮೇಲೆ, ಒಂದು ಕಿವಿ ಬಚ್ಚಲಿನ ಕಡೆಗೆ. ಯಾಕೆಂದರೆ ಅತ್ತೆಗೆ ಎಲ್ಲಕ್ಕಿಂತ ಕಷ್ಟವಾದದ್ದು ಸ್ನಾನ. ತಲೆಗೆ ನೀರು ಹೊಯ್ದುಕೊಳ್ಳುವಾಗ ಉಸಿರು ಕಟ್ಟುತ್ತದೆ ಎಂದು ಅವರು ತಲೆಸ್ನಾನವನ್ನೇ ಬಿಟ್ಟಿದ್ದರು. ನನಗೆ ಹೇಳಿರಲಿಲ್ಲ. ಕೂದಲು ಅಂಟಾಗಿ ಜಡೆಗಟ್ಟಿದ ಮೇಲೆ ಗೊತ್ತಾಯಿತು.

ಒಂದು ದಿನ ನಾನೇ ಎಣ್ಣೆ ಹಚ್ಚಿ ಬಚ್ಚಲಿಗೆ ಕರೆದುಕೊಂಡು ಹೋದೆ. ಮಣೆಯ ಮೇಲೆ ಕೂರಿಸಿ, ಹಂಡೆಯಿಂದ ಬಿಸಿನೀರು ತೋಡಿ, ತಣ್ಣೀರು ಬೆರೆಸಿದೆ. ಚೊಂಬು ಎತ್ತಿದ್ದೇ ತಡ ಅವರು ಕಣ್ಣು ಬಿಗಿಯಾಗಿ ಮುಚ್ಚಿ ಕೈಯನ್ನು ಗಾಳಿಯಲ್ಲಿ ತಡಕಾಡಿದರು. ನನ್ನ ಎಡಗೈಯನ್ನು ಕೊಟ್ಟೆ. ಗಟ್ಟಿಯಾಗಿ ಹಿಡಿದುಕೊಂಡರು, ಬಳೆ ಒತ್ತಿ ನೋವಾಗುವಷ್ಟು. ನೀರು ಹೊಯ್ದೆ. ಮೈ ಇಡೀ ಸೆಟೆದುಕೊಂಡಿತು.

"ನೀ ಅಲ್ಲೇ ಇದ್ಯಾ?" ಎಂದು ಕೇಳಿದರು.

"ಇಲ್ಲೇ ಇದ್ದೆ," ಎಂದೆ.

ಇನ್ನೊಂದು ಚೊಂಬು ಹೊಯ್ದೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಜಗಲಿಯಲ್ಲಿ ಯಾರೋ ರವಿಕೆ ಆಯಿತಾ ಎಂದು ಕೂಗಿದರು. ಅಡುಗೆಮನೆಯಿಂದ ಅನ್ನ ಉಕ್ಕಿ ಒಲೆಗೆ ಸುರಿಯುವ ವಾಸನೆ ಬಂತು. ಮಗಳು ಅಮ್ಮಾ ಅಮ್ಮಾ ಎನ್ನುತ್ತಿದ್ದಳು. ನಾನು ಎಲ್ಲಿಗೂ ಹೋಗಲಿಲ್ಲ. ಅವರು ಹಿಡಿದಿದ್ದ ನನ್ನ ಕೈ ಗಡಗಡ ನಡುಗುತ್ತಿತ್ತು. ಅವರ ಕಣ್ಣು ಮುಚ್ಚಿತ್ತು. ನಡುಗುತ್ತಿರುವುದು ತಮ್ಮ ಕೈಯೇ ಎಂದು ಅವರು ತಿಳಿದಿರಬೇಕು, ನಡುಕ ನಿಲ್ಲಿಸಲೆಂದು ಇನ್ನೊಂದು ಕೈಯನ್ನೂ ಅದರ ಮೇಲೆ ಇಟ್ಟು ಒತ್ತಿ ಹಿಡಿದರು.